ಕಾಯಕದ ಒಡನಾಡಿಯನ್ನು ನೆನೆಯುವ ಬಗೆ

ಓಂ ಶ್ರೀ ಗುರು ಬಸವಲಿಂಗಾಯ ನಮಃ



ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ. ಈ ಹೆಸರುಗಳನ್ನು ನಾವು ದಿನನಿತ್ಯ ಉಚ್ಚರಿಸುತ್ತೇವೆ. ಆದರೆ ಇವುಗಳಲ್ಲಿ ಅಡಗಿರುವ ಒಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಇಲ್ಲಿ ಪ್ರತಿಯೊಬ್ಬರ ಹೆಸರಿಗೂ ಮುಂಚೆ ಅವರ ಕಾಯಕವು ನಿಂತಿದೆ. ಬಟ್ಟೆಯನ್ನು ಮಡಿ ಮಾಡಿದವರು, ದೋಣಿಯನ್ನು ನಡೆಸಿದವರು, ಹಗ್ಗವನ್ನು ಹೊಸೆದವರು, ಬಿದಿರನ್ನು ಹೆಣೆದವರು, ದನಗಳನ್ನು ಕಾಯ್ದವರು, ಚೆಲ್ಲಿದ ಅಕ್ಕಿಯನ್ನು ಆಯ್ದವರು, ನೂಲನ್ನು ತೆಗೆದವರು. ಕಲ್ಯಾಣದ ಶರಣ ಸಮೂಹವು ತನ್ನ ಒಡನಾಡಿಗಳನ್ನು ಅವರು ಗಳಿಸಿದ ಸಂಪತ್ತಿನಿಂದಾಗಲಿ, ಹುಟ್ಟಿದ ಮನೆತನದ ಹಿರಿಮೆಯಿಂದಾಗಲಿ ನೆನಪಿನಲ್ಲಿ ಉಳಿಸಿಕೊಳ್ಳಲಿಲ್ಲ. ಅವರ ಕೈಗಳು ಮಾಡಿದ ಕೆಲಸದಿಂದ ಉಳಿಸಿಕೊಂಡಿತು. ಸಮಾಜವು ಕೀಳೆಂದು ಕಂಡಿದ್ದ ಕೆಲಸದ ಹೆಸರೇ ಅನುಭವ ಮಂಟಪದಲ್ಲಿ ಗೌರವದ ಬಿರುದಾಯಿತು.

ಈ ದೃಷ್ಟಿಯಿಂದ ಇಂದು ಒಂದು ವಿಷಯವನ್ನು ಭಕ್ತರ ಮುಂದಿಡಬೇಕೆನಿಸಿದೆ. ನಮ್ಮ ಮಠಗಳಲ್ಲಿ, ಮಠಗಳು ನಡೆಸುವ ಶಾಲೆಗಳಲ್ಲಿ, ಪ್ರಸಾದ ನಿಲಯಗಳಲ್ಲಿ, ಗ್ರಂಥಮಾಲೆಗಳಲ್ಲಿ ಬಹುಕಾಲ ದುಡಿದವರು ಇರುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಒಂದೇ ಕೆಲಸದಲ್ಲಿ ತನ್ಮಯರಾಗಿ, ಅದರ ಹೊರತು ಬೇರೆ ಬದುಕೇ ಇಲ್ಲವೆಂಬಂತೆ ಬಾಳಿದವರು ಅವರು. ಗ್ರಂಥದ ಕರಡಚ್ಚನ್ನು ಅಕ್ಷರಕ್ಕೆ ಅಕ್ಷರ ತಿದ್ದುವವರು, ದಾಸೋಹದ ಒಲೆಯನ್ನು ಬೆಳಗಿನ ಜಾವದಲ್ಲಿ ಹೊತ್ತಿಸುವವರು, ಹಳ್ಳಿಯ ಮಕ್ಕಳಿಗೆ ವಚನಗಳನ್ನು ಬಾಯಿಪಾಠ ಮಾಡಿಸುವವರು. ಇಂಥವರಲ್ಲಿ ಒಬ್ಬರು ಲಿಂಗೈಕ್ಯರಾದಾಗ ನಾವು ಏನು ಮಾಡುತ್ತೇವೆ? ಶಿವಗಣಾರಾಧನೆ ನಡೆಯುತ್ತದೆ. ನುಡಿನಮನ ಸಭೆ ಏರ್ಪಡುತ್ತದೆ. ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, ಇವರ ಅಗಲಿಕೆಯಿಂದ ಸಂಸ್ಥೆಗೆ ತುಂಬಲಾರದ ನಷ್ಟವಾಗಿದೆ ಎನ್ನುತ್ತಾರೆ. ಪ್ರಸಾದ ಸ್ವೀಕರಿಸಿ ಎಲ್ಲರೂ ಮನೆಗೆ ತೆರಳುತ್ತಾರೆ.

ಈ ಆಚರಣೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ‘ತುಂಬಲಾರದ ನಷ್ಟ’ ಎಂಬ ಮಾತನ್ನು ಒಮ್ಮೆ ನಿಂತು ಯೋಚಿಸಬೇಕು. ಅದು ಮೇಲ್ನೋಟಕ್ಕೆ ಹಿರಿದಾದ ಗೌರವದಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದು ನಮ್ಮನ್ನು ನಾವೇ ಬಿಡುಗಡೆ ಮಾಡಿಕೊಳ್ಳುವ ಮಾತು. ನಷ್ಟವು ತುಂಬಲಾಗದ್ದು ಎಂದು ಸಾರಿದ ಮೇಲೆ ಅದನ್ನು ತುಂಬುವ ಹೊಣೆ ಯಾರ ಮೇಲೂ ಉಳಿಯುವುದಿಲ್ಲ. ಅಗಲಿದವರು ಅರ್ಧಕ್ಕೆ ಬಿಟ್ಟ ಕೆಲಸವು ಅರ್ಧದಲ್ಲಿಯೇ ನಿಲ್ಲುತ್ತದೆ. ಅವರು ಪ್ರೀತಿಸಿದ್ದು ಆ ಕೆಲಸವನ್ನು. ನಾವು ಉಳಿಸಿಕೊಂಡದ್ದು ಅವರ ಭಾವಚಿತ್ರವನ್ನು. ಇದು ಶರಣರು ತೋರಿದ ನೆನಪಿನ ಮಾರ್ಗವಲ್ಲ ಎಂಬುದು ಈ ಲೇಖನದ ಅಭಿಪ್ರಾಯ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಮಿಕ್ಕ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬ ಭಾಗವನ್ನು ನಾವು ಪ್ರವಚನಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅದೇ ಪ್ರಸಂಗದ ಇನ್ನೊಂದು ಭಾಗವು ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರವಾದುದು. ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದಾರೆ. ಕಾಯಕದ ಹೊತ್ತು ಮೀರುತ್ತಿದೆ. ಆಗ ಲಕ್ಕಮ್ಮನವರು ಗಂಡನನ್ನು ಎಚ್ಚರಿಸುತ್ತಾರೆ. ಕೆಲಸವು ನಿಂತುಹೋಗಿದೆ, ಎದ್ದು ಹೊರಡಬೇಕೆಂದು ಹೇಳುತ್ತಾರೆ. ಅಲ್ಲಿ ನಡೆಯುತ್ತಿದ್ದುದು ವ್ಯರ್ಥ ಹರಟೆಯಲ್ಲ, ಪರಮ ಪವಿತ್ರವಾದ ಮಾತುಕತೆ. ಆದರೂ ಆ ತಾಯಿಯ ದೃಷ್ಟಿಯಲ್ಲಿ ಪವಿತ್ರವಾದ ಮಾತು ಕೂಡ ನಿಂತ ಕಾಯಕಕ್ಕೆ ಬದಲಿಯಾಗಲಾರದು. ನಿಜವಾದ ಒಡನಾಡಿಯ ಲಕ್ಷಣವೇ ಇದು. ನಮ್ಮ ನುಡಿನಮನ ಸಭೆಗಳಲ್ಲಿ, ಎಷ್ಟೇ ಸುಂದರವಾದ ಮಾತುಗಳ ನಡುವೆಯೂ, ಲಕ್ಕಮ್ಮನವರ ಈ ಎಚ್ಚರಿಕೆಯು ಕೇಳಿಸಬೇಕು. ಅಗಲಿದವರ ಮೇಜಿನ ಮೇಲೆ ಕೆಲಸವು ನಿಂತಿದೆ. ಅದನ್ನು ಎತ್ತಿಕೊಳ್ಳುವವರು ಯಾರು?

ನಮ್ಮ ಪರಂಪರೆಯು ಇಂದಿಗೂ ಉಳಿದಿರುವುದಕ್ಕೆ ಕಾರಣ, ಪ್ರತಿಯೊಂದು ಕಾಲದಲ್ಲಿಯೂ ಈ ಪ್ರಶ್ನೆಗೆ ಯಾರೋ ಒಬ್ಬರು ಉತ್ತರ ಕೊಟ್ಟದ್ದು. ಕಲ್ಯಾಣದ ಕ್ರಾಂತಿಯ ನಂತರ ಶರಣರು ಚದುರಿದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಅದಕ್ಕಿಂತ ದೊಡ್ಡ ನಷ್ಟವನ್ನು ಶರಣ ಸಮೂಹವು ಕಂಡಿರಲಾರದು. ಆದರೂ ಚನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ನಡೆದರೆಂದು ಪರಂಪರೆಯು ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ವಿರಕ್ತರು ಚದುರಿದ್ದ ವಚನಗಳನ್ನು ಕೂಡಿಸಿ, ಕ್ರಮಗೊಳಿಸಿ, ವ್ಯಾಖ್ಯಾನಿಸಿದರು. ಶೂನ್ಯಸಂಪಾದನೆಯು ಒಬ್ಬರ ಕೈಯಲ್ಲಿ ಮುಗಿದ ಗ್ರಂಥವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಅದನ್ನು ಕಟ್ಟಿದರು. ಅವರ ನಂತರ ಹಲಗೆಯಾರ್ಯರು, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಕೊನೆಗೆ ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಮಹಾದೇವಯ್ಯನವರ ಅಗಲಿಕೆಯು ತುಂಬಲಾರದ ನಷ್ಟವೆಂದು ಉಳಿದ ಮೂವರು ಕೈಕಟ್ಟಿ ಕುಳಿತಿದ್ದರೆ ಇಂದು ನಮ್ಮ ಕೈಯಲ್ಲಿರುವ ಆ ಮಹಾಗ್ರಂಥವು ಇದೇ ರೂಪದಲ್ಲಿ ಇರುತ್ತಿರಲಿಲ್ಲ.

ಆಧುನಿಕ ಕಾಲದಲ್ಲಿ ಇದೇ ಪರಂಪರೆಯನ್ನು ಮತ್ತೆ ತೊಡಗಿಸಿದವರು ಡಾ. ಫ. ಗು. ಹಳಕಟ್ಟಿಯವರು. ವಚನವನ್ನು ಓದುವ, ಹಾಡುವ, ವಿವರಿಸುವ ಕೆಲಸದಲ್ಲಿರುವ ನಮಗೆಲ್ಲರಿಗೂ ಅವರು ಹಿರಿಯ ಒಡನಾಡಿ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಕಾನೂನು ಓದಿ ವಿಜಾಪುರದಲ್ಲಿ ವಕೀಲರಾದರು. ಕೈತುಂಬ ಗಳಿಸಿ ಸುಖವಾಗಿರಬಹುದಾಗಿದ್ದ ವೃತ್ತಿ ಅದು. ಆದರೆ ರಬಕವಿಯ ಮನೆಯೊಂದರಲ್ಲಿ ಕಂಡ ವಚನದ ತಾಳೆಗರಿಗಳು ಅವರ ಬದುಕಿನ ದಿಕ್ಕನ್ನೇ ಬದಲಿಸಿದವು. ಅಂದಿನಿಂದ ಊರೂರು ಅಲೆದು, ಮಠಗಳ ಅಟ್ಟಗಳಲ್ಲಿ, ಭಕ್ತರ ಮನೆಗಳ ಜಗುಲಿಗಳಲ್ಲಿ, ಪೂಜೆಗೆ ಮಾತ್ರ ಮೀಸಲಾಗಿದ್ದ ಕಟ್ಟುಗಳನ್ನು ಬಿಚ್ಚಿಸಿ ನೋಡಿದರು, ನಕಲು ಮಾಡಿಕೊಂಡರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. ತಾಳೆಗರಿಯಲ್ಲಿ ಅರಿಶಿನ ಕುಂಕುಮಗಳ ಕೆಳಗೆ ಮಲಗಿದ್ದ ಶರಣರ ಮಾತು ಓದು ಬಲ್ಲ ಯಾರ ಕೈಗಾದರೂ ಸಿಗುವಂತಾಯಿತು.

ಅವರು ಅಲ್ಲಿಗೆ ನಿಲ್ಲಲಿಲ್ಲ. ಗ್ರಂಥಗಳನ್ನು ಅಚ್ಚು ಮಾಡಿಸುವುದು ಕಷ್ಟವಾದಾಗ ಸ್ವಂತ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನೂ ಸಹಕಾರಿ ಬ್ಯಾಂಕನ್ನೂ ಕಟ್ಟಲು ಮುಂದಾದರು. ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟವನ್ನು ನೋಡುವುದಕ್ಕಿಂತ ಮೊದಲು ಹಳಕಟ್ಟಿಯವರೆಂಬ ವಚನ ಗುಮ್ಮಟವನ್ನು ನೋಡಬಯಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನು ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಈ ಜೀವನವನ್ನು ನಾವು ಹೇಗೆ ಹೇಳುತ್ತೇವೆ ಎಂಬುದರಲ್ಲಿಯೇ ನಮ್ಮ ನೆನಪಿನ ದೋಷವು ಕಾಣುತ್ತದೆ. ಹಳಕಟ್ಟಿಯವರು ಮನೆ ಮಾರಿದ ಸಂಗತಿಯನ್ನು ಹೇಳುವಾಗ ನಮ್ಮ ದನಿ ಏರುತ್ತದೆ. ಸಭೆಯು ಚಪ್ಪಾಳೆ ತಟ್ಟುತ್ತದೆ. ಆದರೆ ಇಡೀ ಸಮಾಜದ ಆಸ್ತಿಯನ್ನು ಉಳಿಸಲು ಒಬ್ಬರೇ ತಮ್ಮ ಮನೆಯನ್ನು ಮಾರಬೇಕಾಗಿ ಬಂದದ್ದು ಆ ಸಮಾಜಕ್ಕೆ ಹೆಮ್ಮೆಯ ಸಂಗತಿಯೇ? ಪತ್ರಿಕೆಯನ್ನು ಅವರು ಲಾಭಕ್ಕಾಗಿ ನಡೆಸಲಿಲ್ಲ. ಅದು ಅವರಿಗೆ ಹಣದ ತಾಪತ್ರಯವನ್ನೇ ತಂದಿತು. ಲಕ್ಕಮ್ಮನವರು ಅಗತ್ಯಕ್ಕಿಂತ ಹೆಚ್ಚಿನದನ್ನು ಮುಟ್ಟಲಿಲ್ಲವೆಂಬ ಕಥೆಯಿಂದ ನಾವು ಕಾಯಕ ಮಾಡುವವರಿಗೆ ಸಂಯಮವನ್ನು ಬೋಧಿಸುತ್ತೇವೆ. ಅದೇ ಧರ್ಮದ ಇನ್ನೊಂದು ಮುಖವಾದ ದಾಸೋಹವು ಕಾಯಕ ಮಾಡುವವರ ಸುತ್ತಲಿನ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಬಯಸದಿರುವುದು ಅವರ ಗುಣ. ಕೊರತೆಯಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಅವರು ಕೇಳಲಿಲ್ಲವೆಂಬ ಕಾರಣಕ್ಕೆ ನಾವು ಕೊಡದೆ ಉಳಿದರೆ, ಅವರ ತ್ಯಾಗದ ವರ್ಣನೆಯು ನಮ್ಮ ಅಲಕ್ಷ್ಯಕ್ಕೆ ಹೊದಿಸಿದ ಶಾಲಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಒಡನಾಡಿಯ ಕೆಲಸವನ್ನು ಮುಂದುವರಿಸುವುದೆಂದರೆ ಅವರು ಮಾಡಿದ್ದೆಲ್ಲವನ್ನೂ ಹಾಗೆಯೇ ಪೂಜಿಸುವುದಲ್ಲ. ಕಾಯಕದಲ್ಲಿ ಅತಿಯಾದ ತನ್ಮಯತೆ ಇರುವವರಿಗೆ ತಿದ್ದುವ ಒಡನಾಡಿಯೂ ಬೇಕು. ನುಲಿಯ ಚಂದಯ್ಯನವರ ಪ್ರಸಂಗವನ್ನು ನೋಡೋಣ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗವು ಜಾರಿ ಬೀಳುತ್ತದೆ. ಕಾಯಕದಲ್ಲಿ ಮುಳುಗಿದ್ದ ಅವರು ಅದನ್ನು ಎತ್ತಿಕೊಳ್ಳದೆ ಮುಂದೆ ನಡೆಯುತ್ತಾರೆ. ಆಗ ಮಡಿವಾಳ ಮಾಚಯ್ಯನವರು ನಡುವೆ ಬಂದು, ಲಿಂಗವನ್ನು ಬಿಟ್ಟ ಕಾಯಕದ ಬಗ್ಗೆ ಅವರೊಡನೆ ವಾದಿಸುತ್ತಾರೆ. ಮಾಚಯ್ಯನವರು ಚಂದಯ್ಯನವರ ನಿಷ್ಠೆಯನ್ನು ಹೊಗಳಿ ಸುಮ್ಮನೆ ಹೋಗಬಹುದಿತ್ತು. ಹಾಗೆ ಮಾಡದೆ ನಿಂತು ಮಾತಾಡಿದ್ದು ಪ್ರೀತಿಯಿಂದ. ಒಬ್ಬರ ಕಾಯಕವನ್ನು ನಿಜವಾಗಿ ಗೌರವಿಸುವವರು ಅದರಲ್ಲಿನ ಕೊರತೆಯನ್ನು ಕಂಡೂ ಕಾಣದಂತಿರಲಾರರು.

ವಚನ ಸಂಪಾದನೆಯ ಇತಿಹಾಸದಲ್ಲಿಯೂ ಹೀಗೆಯೇ ನಡೆದಿದೆ. ಹಳಕಟ್ಟಿಯವರು ತಮಗೆ ದೊರೆತ ಪ್ರತಿಗಳ ಆಧಾರದಿಂದ, ಬಹುಮಟ್ಟಿಗೆ ಒಬ್ಬರೇ ನಿಂತು ಕೆಲಸ ಮಾಡಿದರು. ‘ವಚನಶಾಸ್ತ್ರಸಾರ’ದಲ್ಲಿ ವಚನಗಳು ವಿಷಯಾನುಸಾರವಾಗಿ ಜೋಡಣೆಗೊಂಡಿವೆ. ಮುಂದೆ ಬಂದ ಶಿ. ಶಿ. ಬಸವನಾಳರು, ಆರ್. ಸಿ. ಹಿರೇಮಠರು, ಎಲ್. ಬಸವರಾಜು ಅವರು ಮೊದಲಾದವರು ಒಬ್ಬೊಬ್ಬ ವಚನಕಾರರನ್ನು ತೆಗೆದುಕೊಂಡು, ಹಲವು ಪ್ರತಿಗಳನ್ನು ಹೋಲಿಸಿ, ಪಾಠವನ್ನು ತಿದ್ದಿ, ಯಾರ ವಚನ ಯಾವುದೆಂದು ನಿಷ್ಕರ್ಷಿಸಿದರು. ಉತ್ತಂಗಿ ಚನ್ನಪ್ಪನವರನ್ನು ಇಲ್ಲಿ ಮರೆಯುವಂತಿಲ್ಲ. ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಭೂಸನೂರಮಠರೊಡನೆ ಸೇರಿ ಮೋಳಿಗೆಯ ಮಾರಯ್ಯನವರ ವಚನಗಳನ್ನು ಸಂಪಾದಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕಾಯಕದ ಒಡನಾಟಕ್ಕೆ ಮತದ ಗೋಡೆಯು ಅಡ್ಡಬರುವುದಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಕೊನೆಗೆ 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಹಲವು ವಿದ್ವಾಂಸರ ಕೂಡು ದುಡಿಮೆಯಿಂದ, ‘ಸಮಗ್ರ ವಚನ ಸಂಪುಟ’ವು 15 ಸಂಪುಟಗಳಲ್ಲಿ ಪ್ರಕಟವಾಯಿತು. 1923ರಿಂದ 1993ರವರೆಗೆ 70 ವರ್ಷ. ಹಳಕಟ್ಟಿಯವರು ಹಚ್ಚಿದ ದೀಪಕ್ಕೆ ಎಣ್ಣೆ ಎರೆದವರು ಇವರು. ಅವರ ಪಾಠಗಳನ್ನು ತಿದ್ದಿದ ಪ್ರತಿಯೊಂದು ಪುಟವೂ ಅವರಿಗೆ ಸಲ್ಲಿಸಿದ ನಮನವೇ ಆಗಿದೆ.

ಹಾಗಾದರೆ ಅಗಲಿದವರಿಗಾಗಿ ಅಳುವುದು ಬೇಡವೇ ಎಂದು ಯಾರಾದರೂ ಕೇಳಬಹುದು. ಲಿಂಗೈಕ್ಯವು ಶೋಕಪಡುವ ಸಂಗತಿಯಲ್ಲ ಎಂದು ಸಿದ್ಧಾಂತವು ಹೇಳುತ್ತದೆ, ನಿಜ. ಆದರೆ ಶರಣರು ಕಲ್ಲಿನ ಹೃದಯದವರಾಗಿರಲಿಲ್ಲ. ಬಸವಣ್ಣನವರ ಐಕ್ಯದ ನಂತರದವೆನ್ನಲಾದ ನೀಲಮ್ಮ ತಾಯಿಯವರ ವಚನಗಳನ್ನು ಓದಿದವರಿಗೆ ಅಲ್ಲಿನ ಬರಿದಾದ ಭಾವವು ತಿಳಿದೇ ಇದೆ. ಬಸವಣ್ಣನವರಿಲ್ಲದ ಲೋಕದಲ್ಲಿ ತನ್ನ ಇರವೇ ಏನೆಂದು ಆ ತಾಯಿ ಕೇಳಿಕೊಳ್ಳುತ್ತಾರೆ. ಆ ದುಃಖವನ್ನು ಅವರು ಮುಚ್ಚಿಡಲಿಲ್ಲ. ಆದರೆ ಅದನ್ನು ವಚನವಾಗಿಸಿದರು. ಅಂದರೆ ದುಃಖವೂ ಅವರ ಕೈಯಲ್ಲಿ ಅನುಭಾವದ ಕೆಲಸವೇ ಆಯಿತು. ಕಣ್ಣೀರು ಬರಲಿ, ತಡೆಯಬೇಕಾಗಿಲ್ಲ. ಕಣ್ಣೊರೆಸಿಕೊಂಡ ಮೇಲೆ ಕೈ ಎತ್ತ ಹೋಗುತ್ತದೆ ಎಂಬುದಷ್ಟೇ ಮುಖ್ಯ. ಅಗಲಿದವರ ನಗು, ಮಾತಿನ ಸೊಗಸು, ಜೊತೆಯಲ್ಲಿ ಕುಳಿತು ಉಂಡ ಪ್ರಸಾದ, ಇವೆಲ್ಲ ಮರಳಿ ಬಾರವು. ಆ ಜಾಗವನ್ನು ಯಾರೂ ತುಂಬಲಾರರು, ತುಂಬಲೂ ಬೇಕಾಗಿಲ್ಲ. ತುಂಬಬೇಕಾದುದು ಅವರು ದುಡಿದ ಜಾಗವನ್ನು. ಇವೆರಡನ್ನೂ ಒಂದೇ ಎಂದು ಭಾವಿಸಿದಾಗಲೇ ನಾವು ತಪ್ಪುವುದು.

ಆದುದರಿಂದ ಮಠದ ಭಕ್ತರಲ್ಲಿ ಕೆಲವು ಬಿನ್ನಹಗಳಿವೆ. ಮೊದಲನೆಯದು, ಬಹುಕಾಲದ ಅನುಭವವುಳ್ಳವರ ಪಕ್ಕದಲ್ಲಿ ಅವರು ಇರುವಾಗಲೇ ಒಬ್ಬ ಕಿರಿಯರನ್ನು ಕೂರಿಸಬೇಕು. ತಾಳೆಗರಿಯ ಹಳಗನ್ನಡ ಲಿಪಿಯನ್ನು ಓದಬಲ್ಲವರು ಇಂದು ವಿರಳರಾಗುತ್ತಿದ್ದಾರೆ. ಅಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಒತ್ತಕ್ಷರಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆ ಓದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಅಂಥ ಒಬ್ಬರು ಶಿಷ್ಯರಿಲ್ಲದೆ ಲಿಂಗೈಕ್ಯರಾದರೆ ಆಗುವ ನಷ್ಟವನ್ನು ತುಂಬುವುದು ನಿಜಕ್ಕೂ ಕಷ್ಟವೇ. ಆದರೆ ಅದು ಸಾವು ತಂದ ನಷ್ಟವಲ್ಲ, ನಮ್ಮ ಅಲಕ್ಷ್ಯವು ತಂದದ್ದು.

ಎರಡನೆಯದು, ಪುಣ್ಯಸ್ಮರಣೆಯ ದಿನದಲ್ಲಿ ಭಾಷಣದ ಜೊತೆಗೆ ಅವರ ಕೆಲಸದ ಒಂದು ಪಾಲನ್ನಾದರೂ ಮಾಡೋಣ. ಗ್ರಂಥ ಭಂಡಾರವನ್ನು ಕಾಯ್ದವರ ನೆನಪಿನಲ್ಲಿ ನಾಲ್ಕು ಜನ ಸೇರಿ, ಬಲ್ಲವರ ಮಾರ್ಗದರ್ಶನದಲ್ಲಿ, ಓಲೆಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ಹುಳು ಹಿಡಿಯದಂತೆ ಎಣ್ಣೆ ಸವರಿ, ಹೊಸ ಬಟ್ಟೆಯಲ್ಲಿ ಕಟ್ಟಿಡಬಹುದು. ಶಿಕ್ಷಕರ ನೆನಪಿನಲ್ಲಿ ಒಂದು ದಿನದ ಪಾಠವನ್ನು ಮಾಡಬಹುದು. ಅಡುಗೆಮನೆಯಲ್ಲಿ ದುಡಿದವರ ನೆನಪಿನಲ್ಲಿ, ಅಂದು ವೇದಿಕೆಯ ಮೇಲೆ ಕೂರುವ ಗಣ್ಯರು ಸೌಟು ಹಿಡಿದು ಬಡಿಸಬಹುದು.

ಮೂರನೆಯದು ನಮ್ಮೆಲ್ಲರ ಕೈಯಲ್ಲಿಯೇ ಇದೆ. ಇಂದು ಬೆಳಗಾದರೆ ಮೊಬೈಲುಗಳಲ್ಲಿ ವಚನಗಳು ಹರಿದಾಡುತ್ತವೆ. ಎಷ್ಟೋ ಸಲ ಅವುಗಳಲ್ಲಿ ಅಂಕಿತವೇ ಇರುವುದಿಲ್ಲ; ಒಬ್ಬ ಶರಣರ ಮಾತು ಮತ್ತೊಬ್ಬರ ಹೆಸರಿನಲ್ಲಿ ಸಾಗುತ್ತದೆ; ಯಾರೋ ನಿನ್ನೆ ಬರೆದ ಸಾಲುಗಳು ಬಸವಣ್ಣನವರ ವಚನವೆಂದು ಮೆರೆಯುತ್ತವೆ. ಈ ಅಂಕಿತಗಳನ್ನು ನಿರ್ಧರಿಸಲು ಎಷ್ಟು ಜನರ ಕಣ್ಣು ಮಂಜಾಗಿದೆಯೆಂಬುದನ್ನು ಬಲ್ಲವರು ಹೀಗೆ ಕಳುಹಿಸಲಾರರು. ಕಳುಹಿಸುವ ಮೊದಲು ಸಮಗ್ರ ಸಂಪುಟವನ್ನು ತೆರೆದು ಒಮ್ಮೆ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ಹಳಕಟ್ಟಿಯವರ ಭಾವಚಿತ್ರಕ್ಕೆ ಹಾಕುವ ಮಾಲೆಗಿಂತ ಆ ಐದು ನಿಮಿಷವು ಅವರಿಗೆ ಹೆಚ್ಚು ಪ್ರಿಯವಾಗುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಮುಂದಿನ ಸಲ ನಮ್ಮ ನಡುವಿನ ಕಾಯಕಜೀವಿಯೊಬ್ಬರ ನುಡಿನಮನದಲ್ಲಿ ಮಾತಾಡುವ ಸರದಿ ಬಂದಾಗ, ಅವರು ಯಾವ ಕೆಲಸವನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾರೆ, ನಾಳೆಯಿಂದ ಅದನ್ನು ಯಾರು ಮಾಡುತ್ತಾರೆ ಎಂಬ ಎರಡು ಮಾತನ್ನು ಸಭೆಯ ಮುಂದೆ ಹೇಳಿ ಕುಳಿತುಕೊಳ್ಳೋಣ. ಹೇಳಲು ಉತ್ತರವಿಲ್ಲದಿದ್ದರೆ, ಉತ್ತರ ಸಿಗುವವರೆಗೆ ಸಭೆಯು ಮುಗಿಯದಿರಲಿ.